ಒಂದೆಳೆ ತಂತಿಯ ಎತ್ತರ

ಹೊಸೂರಿನ ನಮ್ಮ ಕಾರ್ಖಾನೆಗೆ ಹುಲ್ಲು ಕತ್ತರಿಸುವ ನಾಲ್ಕು ಯಂತ್ರಗಳು ಮದ್ರಾಸಿನಿಂದ ಲಾರಿಯಲ್ಲಿ ಬಂದವು. ಎಂಬತ್ತರ ದಶಕದ ಮೊದಲ ವರ್ಷಗಳು. ಆಫೀಸಿನ ಮುಂದೆ ಹೊಸದಾಗಿ ಬೆಳೆಸಿದ್ದ ಹುಲ್ಲುಹಾಸು ಮೊಣಕಾಲಿಗೆ ಬಂದಿತ್ತು. ಯಂತ್ರಗಳನ್ನು ಬಿಚ್ಚಿ, ಜೋಡಿಸಿ, ಓಡಿಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಫಿಟ್ಟರ್ ಸರ್ಟಿಫಿಕೇಟು ಇದ್ದವರಲ್ಲಿ ಬಿಡುವಾಗಿದ್ದವನು ನಾನೊಬ್ಬನೇ.

ಎಂಜಿನ್ನು ಚಿಕ್ಕದು. ಒಂದೇ ಸಿಲಿಂಡರು, ಗಾಳಿಯಿಂದಲೇ ತಣಿಯುವಂಥದು. ಅದರ ನೆತ್ತಿಯ ಮೇಲೆ ಎರಡು ಟ್ಯಾಂಕುಗಳಿದ್ದವು. ಒಂದು ಲೋಟದಷ್ಟು ಹಿಡಿಯುವ ಪುಟ್ಟದು ಪೆಟ್ರೋಲಿಗೆ, ದೊಡ್ಡದು ಸೀಮೆಎಣ್ಣೆಗೆ. ತಣ್ಣಗಿರುವ ಎಂಜಿನ್ನು ಸೀಮೆಎಣ್ಣೆಯಲ್ಲಿ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನಲ್ಲಿ ಶುರುಮಾಡಿ, ಐದಾರು ನಿಮಿಷ ಓಡಿಸಿ, ಚೆನ್ನಾಗಿ ಕಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಹಾಗೆ ಮಾಡದಿದ್ದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸೀಮೆಎಣ್ಣೆಯೇ ಉಳಿದು, ಮುಂದಿನ ಸಲ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗುತ್ತದೆ.

ಇಷ್ಟೆಲ್ಲ ಪುಸ್ತಕದಲ್ಲಿತ್ತು. ಪುಸ್ತಕದಂತೆಯೇ ಮಾಡಿದೆ. ನಾಲ್ಕೂ ಯಂತ್ರಗಳು ಓಡಿದವು, ಆದರೆ ಕರೀ ಹೊಗೆ ಕಾರಿದವು. ದಿಣ್ಣೆ ಹತ್ತುವ ಮುದುಕನ ಹಾಗೆ ತೇಕುತ್ತಿದ್ದವು. ಪ್ಲಗ್ಗು ಬಿಚ್ಚಿದರೆ ಕಾಡಿಗೆ ಬಳಿದಂತೆ ಮಸಿ. ಎರಡನೆಯ ವಾರ ಇನ್ನೊಂದು ವಿಚಿತ್ರ ಕಂಡಿತು. ಎಂಜಿನ್ ಆಯಿಲ್ಲಿನ ಮಟ್ಟ ನೋಡುವ ಕಡ್ಡಿಯಲ್ಲಿ ಗುರುತು ಇಳಿಯುವ ಬದಲು ಏರಿತ್ತು.

"ನಿಮ್ಮ ಮಿಷನ್ನು ಆಯಿಲ್ಲು ಕುಡಿಯಾಕಿಲ್ಲ, ಕೊಡ್ತದೆ" ಎಂದು ಹುಲ್ಲು ಬಾಚುವ ಹೆಂಗಸರಲ್ಲಿ ಹಿರಿಯಳು ನಕ್ಕಳು. "ಹಸಾ ಕಟ್ಕಂಡಂಗೆ ಕಟ್ಕೋ ಮಗಾ, ದಿನಾ ಕರ್ಕೋಬೋದು."

ಅವಳು ನಕ್ಕಿದ್ದು ಸರಿ. ನನಗೆ ಭಯವಾಯಿತು. ಏರಿದ್ದು ಆಯಿಲ್ಲಲ್ಲ. ಪೂರ್ತಿ ಉರಿಯದ ಸೀಮೆಎಣ್ಣೆ ಪಿಸ್ಟನ್ನಿನ ಪಕ್ಕದಲ್ಲಿ ಜಾರಿ ಕೆಳಗಿಳಿದು ಆಯಿಲ್ಲಿಗೆ ಸೇರಿಕೊಳ್ಳುತ್ತಿತ್ತು. ಆಯಿಲ್ಲು ನೀರಾದರೆ ಬೇರಿಂಗು ಎಷ್ಟು ದಿನ ತಡೆದೀತು?

ಕಾರಣವೂ ನನಗೆ ಗೊತ್ತಿತ್ತು. ಮದ್ರಾಸು ಸಮುದ್ರದ ದಂಡೆ, ಹೊಸೂರು ಸುಮಾರು ಮೂರು ಸಾವಿರ ಅಡಿ ಮೇಲೆ. ಇಲ್ಲಿಯ ಗಾಳಿ ತೆಳು. ಅಲ್ಲಿಯ ದಪ್ಪ ಗಾಳಿಗೆಂದು ಅಳತೆಮಾಡಿ ಕೊರೆದ ಜೆಟ್ಟಿನ ತೂತು ಇಲ್ಲಿ ಅಷ್ಟೇ ಎಣ್ಣೆ ಬಿಡುತ್ತದೆ, ಅದನ್ನು ಉರಿಸುವಷ್ಟು ಗಾಳಿ ಮಾತ್ರ ಸಿಗುವುದಿಲ್ಲ. ಜೆಟ್ಟೆಂದರೆ ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ತಿರುಪು, ನಡುವೆ ಸೂಜಿಮೊನೆಯಷ್ಟು ತೂತು. ಒಂದು ನಂಬರು ಚಿಕ್ಕ ಜೆಟ್ಟು ಹಾಕಿದ್ದರೆ ಮುಗಿಯುತ್ತಿತ್ತು.

ತೋಟದ ಮೇಲ್ವಿಚಾರಕರು ಸೇಲಂ ಕಡೆಯವರು, ತಮಿಳಿನ ನಡುವೆ ಕನ್ನಡ ಸೇರಿಸಿ ಮಾತಾಡುವವರು. ಅವರ ಮುಂದೆ ಎರಡು ದಾರಿ ಇಟ್ಟೆ. ಚಿಕ್ಕ ಜೆಟ್ಟು ಬರುವ ತನಕ ಪೆಟ್ರೋಲಿನಲ್ಲಿ ಮಾತ್ರ ಓಡಿಸುವುದು ಒಂದು, ಯಂತ್ರಗಳನ್ನು ನಿಲ್ಲಿಸುವುದು ಇನ್ನೊಂದು.

"ಪೆಟ್ರೋಲಾ? ಮ್ಯಾನೇಜರ್ ಕಾರಿಗೇ ಕೂಪನ್ನಪ್ಪಾ. ಹುಲ್ಲಿಗೆ ಯಾರು ಸೈನ್ ಹಾಕ್ತಾರೆ? ಜೆಟ್ಟುಗೆ ಲೆಟರ್ ಎಳುದು, ನಾನು ಕಳಿಸ್ತೀನಿ" ಎಂದರು. ಎಳುದು ಎಂದರೆ ಬರಿ ಎಂದು. ಬರೆದೆ. ಎರಡು ತಿಂಗಳಾದರೂ ಮದ್ರಾಸಿನಿಂದ ಉತ್ತರವಿಲ್ಲ. ಯಂತ್ರಗಳು ಹೊಗೆ ಕಾರುತ್ತಲೇ ಇದ್ದವು. ನಾನು ನಾಲ್ಕು ದಿನಕ್ಕೊಮ್ಮೆ ಆಯಿಲ್ಲು ಬದಲಿಸುತ್ತ, ಪ್ಲಗ್ಗು ಉಜ್ಜುತ್ತ ಕಾದೆ.

ಆ ಹೊತ್ತಿಗೆ ಅವನು ಬಂದ. ಅಂಚೆಟ್ಟಿಯ ಆಚೆ ನಾಟ್ರಾಂಪಾಳ್ಯದವನು, ನನಗಿಂತ ಮೂರು ವರ್ಷ ಚಿಕ್ಕವನು, ದಿನಗೂಲಿ. ಹುಲ್ಲು ತುಂಬುವ ಗಾಡಿ ತಳ್ಳಲು ತೆಗೆದುಕೊಂಡಿದ್ದರು. ಮೂರನೆಯ ದಿನ ಅವನು ಗಾಡಿ ಬಿಟ್ಟು ನನ್ನ ಪಕ್ಕ ಬಂದು ನಿಂತ. ಓಡುತ್ತಿದ್ದ ಯಂತ್ರವನ್ನು ಕಣ್ಣು ಮುಚ್ಚಿಕೊಂಡು ಕೇಳಿದ.

"ಅಣ್ಣೋ, ಇದಕ್ಕೆ ಎಣ್ಣೆ ಜಾಸ್ತಿ ಆಗ್ತೈತೆ."

"ಗೊತ್ತು ಕಣ್ಲಾ. ಜೆಟ್ಟು ಬರ್ಬೇಕು ಮದ್ರಾಸಿಂದ."

"ಮದ್ರಾಸ್ಯಾಕೆ? ಒಂದೆಳೆ ಹಾಕಿದ್ರೆ ಆಯ್ತು."

ಅವನು ಮೋಟರ್ ಶೆಡ್ಡಿನ ಕಸದಿಂದ ಒಂದು ತುಂಡು ಕರೆಂಟು ವೈರು ಹೆಕ್ಕಿ ತಂದ. ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಸುಲಿದ. ಒಳಗಿನ ತಾಮ್ರದ ಎಳೆಗಳನ್ನು ಬಿಡಿಸಿ, ಒಂದೊಂದನ್ನೇ ಬೆರಳುಗಳ ನಡುವೆ ಹೊರಳಿಸಿ ನೋಡಿ ಒಂದನ್ನು ಆರಿಸಿದ. ಬಟ್ಟಲು ಬಿಚ್ಚಿ, ಜೆಟ್ಟು ತೆಗೆದು, ಆ ಎಳೆಯನ್ನು ತೂತಿನೊಳಗೆ ತೂರಿಸಿ, ಒಳಕ್ಕೆ ಹೀರಿಕೊಂಡು ಹೋಗದಂತೆ ಎರಡೂ ತುದಿ ಮಡಚಿದ. ತೂತು ಅಷ್ಟರಮಟ್ಟಿಗೆ ಕಿರಿದಾಯಿತು. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬಹುದು.

ಹಗ್ಗ ಎಳೆದ. ಹೊಗೆ ಇಲ್ಲ. ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದ. ಆಗಲೂ ಹೊಗೆ ಇಲ್ಲ. ಯಂತ್ರ ಹುಲ್ಲಿನ ಮೇಲೆ ಹೊಸದರಂತೆ ಹೋಯಿತು.

ಎಲ್ಲಿ ಕಲಿತೆ ಎಂದು ಕೇಳಿದೆ. ಅವರ ಕಡೆ ಒಬ್ಬ ಗುತ್ತಿಗೆದಾರ ನೀರೆತ್ತುವ ಎಂಜಿನ್ನುಗಳನ್ನು ಬಾಡಿಗೆಗೆ ಕೊಡುತ್ತಿದ್ದನಂತೆ. ಕಾವೇರಿ ದಂಡೆಯಲ್ಲಿ ಒಂದು ವಾರ, ಬೆಟ್ಟದ ಮೇಲಿನ ಊರುಗಳಲ್ಲಿ ಒಂದು ವಾರ. ಎತ್ತಿನ ಗಾಡಿಯಲ್ಲಿ ಏರಿಸುವುದು, ಇಳಿಸುವುದು. ಏರಿದಾಗ ಎಳೆ ಹಾಕುತ್ತಿದ್ದರು, ಇಳಿದಾಗ ತೆಗೆಯುತ್ತಿದ್ದರು. "ನಮ್ಮೂರು ಒಂದೆಳೆ ಊರು ಕಣಣ್ಣ. ಈ ಹೊಸೂರೂ ಒಂದೆಳೆ. ಕೃಷ್ಣಗಿರಿ ಬರೀ ತೂತು" ಎಂದ. ಅವರು ಎತ್ತರವನ್ನು ಅಡಿಗಳಲ್ಲಿ ಎಣಿಸುತ್ತಿರಲಿಲ್ಲ.

ಮೇಲ್ವಿಚಾರಕರು ಓಡಿ ಬಂದು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಎನ್ನಪ್ಪಾ, ಎರಡು ತಿಂಗಳು ಲೆಟರ್ ಬರೀತಾ ಇದ್ದಿಯಲ್ಲಾ!" ಎಂದರು. ಗೇಲಿಮಾಡುವ ಉದ್ದೇಶ ಅವರಿಗಿತ್ತೆಂದು ಈಗ ಅನ್ನಿಸುವುದಿಲ್ಲ. ಆ ಹೊತ್ತು ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಅಂದಿನಿಂದ ನಡೆದದ್ದನ್ನು ಮುಚ್ಚಿಡದೆ ಬರೆಯಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ನಾನು ಆ ಯಂತ್ರದ ಪ್ಲಗ್ಗು ಬಿಚ್ಚಿ ನೋಡುತ್ತಿದ್ದೆ. ಕಪ್ಪಾಗಿರಲಿ ಎಂದು ಆಸೆಪಡುತ್ತಿದ್ದೆ. ಅದು ದಿನಾ ಬಿಸ್ಕತ್ತಿನ ಬಣ್ಣದಲ್ಲಿರುತ್ತಿತ್ತು. ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಆಯಿಲ್ಲಿನ ಕಡ್ಡಿಯನ್ನೂ ನೋಡುತ್ತಿದ್ದೆ. ಮಟ್ಟ ಏರುತ್ತಿರಲಿಲ್ಲ. ಯಂತ್ರ ಚೆನ್ನಾಗಿದೆ ಎಂದು ತಿಳಿದು ಹೊಟ್ಟೆಯಲ್ಲಿ ಉರಿ ಹತ್ತುವುದು ಯಾವ ಫಿಟ್ಟರಿಗೂ ಬರಬಾರದ ಸ್ಥಿತಿ.

ಉಳಿದ ಮೂರು ಯಂತ್ರಗಳಿಗೆ ನಾನೇ ಎಳೆ ಹಾಕುತ್ತೇನೆಂದು ಹಟ ಹಿಡಿದೆ. ನಾನು ಹಾಕಿದ ಎಳೆಗೆ ಎಂಜಿನ್ನು ಸೀನುವವನ ಹಾಗೆ ಕಾರ್ಬ್ಯುರೇಟರಿನಿಂದ ಹಿಮ್ಮುಖವಾಗಿ ಪಟ್ ಪಟ್ ಎಂದು ಸಿಡಿಯಿತು. ಅವನು ಗಾಡಿ ತಳ್ಳುತ್ತ ಇಪ್ಪತ್ತು ಮಾರು ದೂರದಲ್ಲಿದ್ದ. ಅಲ್ಲಿಂದಲೇ ಕೂಗಿದ.

"ದಪ್ಪ ಆಯ್ತು ಕಣಣ್ಣ! ಹೊಟ್ಟೆಗಿಲ್ದೆ ಅಳ್ತಾ ಐತೆ. ಇನ್ನೊಂದು ಚೂರು ಸಣ್ದು ನೋಡು!"

ಹಿರಿಯಳು ಬಾಚುವುದನ್ನು ನಿಲ್ಲಿಸಿ, "ಸಲ್ಟಿಪಿಕೇಟಿಗೆ ಕಿವಿ ಇರಾಕಿಲ್ವೇನ್ಲಾ?" ಎಂದಳು.

ಮೂರಕ್ಕೂ ಕೊನೆಗೆ ಅವನೇ ಹಾಕಿದ. ಯಂತ್ರಗಳಿಗೆಂದೇ ಒಂದು ಖಾಯಂ ಫಿಟ್ಟರ್ ಹುದ್ದೆ ಬರುತ್ತದೆ, ಇಬ್ಬರ ಹೆಸರೂ ಮ್ಯಾನೇಜರ ಮುಂದೆ ಇದೆ ಎಂದು ಕೆಲವು ತಿಂಗಳ ಮೇಲೆ ತಿಳಿಯಿತು. ನಾನೂ ಆಗ ಖಾಯಂ ಆಗಿರಲಿಲ್ಲ. ಸಾನಮಾವಿನ ಕಾಡಂಚಿನ ನಮ್ಮ ಊರಿನಿಂದ ಸೈಕಲ್ಲಿನಲ್ಲಿ ಬಂದುಹೋಗುತ್ತ ನಾಲ್ಕನೆಯ ವರ್ಷ ಕಾಯುತ್ತಿದ್ದೆ. ಆನೆ ಇಳಿದ ದಿನಗಳಲ್ಲಿ ದಾರಿ ಬಳಸಿ ಬಂದರೂ ಒಂದು ದಿನ ತಡವಾಗಿರಲಿಲ್ಲ. ಅವನು ಬಂದು ನಾಲ್ಕು ತಿಂಗಳಾಗಿತ್ತು.

ಅವನಿಗೆ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ. ನನ್ನ ಕೈಬರಹ ನೋಡಿ, "ಅಚ್ಚು ಹಾಕ್ದಂಗೆ ಬರೀತೀಯ ಕಣಣ್ಣ" ಎನ್ನುತ್ತಿದ್ದ. ನಾನು ಹೇಳಿದ್ದನ್ನು ಅಪ್ಪಟ ಸತ್ಯವೆಂದು ನಂಬುತ್ತಿದ್ದ. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಕೃಷ್ಣಗಿರಿಯಲ್ಲಿ ಕಂಪನಿ ಹೊಸದಾಗಿ ಒಂದು ಅತಿಥಿಗೃಹ ತೆಗೆದುಕೊಂಡಿತ್ತು. ಮುಂದೆ ದೊಡ್ಡ ಹುಲ್ಲುಹಾಸು. ಒಂದು ಯಂತ್ರವನ್ನು ಅಲ್ಲಿಗೆ ಕಳಿಸುವುದು, ಮ್ಯಾನೇಜರ ಎದುರು ಓಡಿಸಿ ತೋರಿಸುವುದು ಎಂದಾಯಿತು. ಸೀಮೆಎಣ್ಣೆಯಲ್ಲಿ ಅಲ್ಲಿಯೂ ಚೆನ್ನಾಗಿ ಓಡಿದರೆ ಇನ್ನಷ್ಟು ಯಂತ್ರಗಳನ್ನು ತರಿಸುತ್ತಾರೆ. ಓಡಿಸಿ ತೋರಿಸುವವನು ನಾಟ್ರಾಂಪಾಳ್ಯದವನು. ಯಂತ್ರ ಶುಚಿಮಾಡಿ ಲಾರಿಗೆ ಏರಿಸುವವನು ನಾನು.

ಅದರ ಹಿಂದಿನ ದಿನ ಮಧ್ಯಾಹ್ನ ಅವನು ಅಕ್ಕನ ಮಗಳ ಮದುವೆ ಮಾತುಕತೆಗೆಂದು ಊರಿಗೆ ಹೊರಟ. ರಾಯಕೋಟೆ ಮೇಲೆ ಬಸ್ಸಿನಲ್ಲಿ ನೇರವಾಗಿ ಕೃಷ್ಣಗಿರಿಗೆ ಬಂದುಬಿಡುತ್ತೇನೆಂದ. ಗೇಟಿನ ತನಕ ಹೋದವನು ವಾಪಸು ಬಂದ.

"ಅಣ್ಣ, ಏರ್ಸೋಕೆ ಮುಂಚೆ ಎಳೆ ತೆಗ್ದುಬುಡು. ಕೃಷ್ಣಗಿರಿ ತಗ್ಗು. ಅಲ್ಲಿ ಗಾಳಿ ದಪ್ಪ, ಬಿಸ್ಲು ಬೇರೆ. ಎಳೆ ಇದ್ರೆ ಎಣ್ಣೆ ಸಾಲ್ದು, ಕಾದುಬುಡ್ತೈತೆ."

"ನನಗೇ ಹೇಳಿಕೊಡ್ತೀಯೇನ್ಲಾ?"

"ಅಯ್ಯೋ, ಗ್ಯಾಪಕ ಮಾಡ್ದೆ ಅಷ್ಟೇ. ಬತ್ತೀನಿ ಕಣಣ್ಣ."

ಸಂಜೆ ನಾಲ್ಕು ಗಂಟೆಗೆ ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದೆ. ಬಟ್ಟಲನ್ನು ಪೆಟ್ರೋಲಿನಲ್ಲಿ ತೊಳೆದೆ. ತಿರುಪುಳಿಯಿಂದ ಜೆಟ್ಟು ತೆಗೆದು ಬೆಳಕಿಗೆ ಹಿಡಿದೆ. ತೂತಿನ ಅಂಚಿಗೆ ಒತ್ತಿಕೊಂಡು ತಾಮ್ರದ ಎಳೆ ಕೆಂಪಗೆ ಕಾಣುತ್ತಿತ್ತು. ಮಡಚಿದ ತುದಿಯನ್ನು ಉಗುರಿನಿಂದ ನೆಟ್ಟಗೆ ಮಾಡಿ ಎಳೆದರೆ ಬರುತ್ತಿತ್ತು. ಉಗುರು ಅದರ ಮೇಲೆ ಇಟ್ಟದ್ದೂ ಹೌದು.

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದು ಇಷ್ಟೇ. ಯಂತ್ರ ಮ್ಯಾನೇಜರ ಮುಂದೆ ಪಟ್ ಪಟ್ ಎನ್ನಲಿ. ಕಾದು ನಿಂತುಹೋಗಲಿ. ವೈರಿನ ಎಳೆ ತುರುಕುವುದು ಫಿಟ್ಟರಿನ ಕೆಲಸವಲ್ಲ ಎಂದು ಒಬ್ಬರಾದರೂ ಹೇಳಲಿ. ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ. ಎಳೆ ಇದ್ದ ಹಾಗೆಯೇ ಜೆಟ್ಟನ್ನು ವಾಪಸು ತಿರುಗಿಸಿ ಬಿಗಿಮಾಡಿದೆ.

ಮರುದಿನ ಬೆಳಿಗ್ಗೆ ಲಾರಿಯಲ್ಲಿ ನಾನು, ಮೇಲ್ವಿಚಾರಕರು, ಹಿರಿಯಳು ಮತ್ತು ಇನ್ನೊಬ್ಬಳು ಹೊರಟೆವು. ಶೂಲಗಿರಿ ದಾಟಿ ರಸ್ತೆ ಇಳಿಯತೊಡಗಿದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹೊಸೂರಿನಲ್ಲಿ ಹಾಕಿಕೊಂಡು ಬಂದಿದ್ದ ಸ್ವೆಟರನ್ನು ಮೇಲ್ವಿಚಾರಕರು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಕೃಷ್ಣಗಿರಿಯ ಬಂಡೆಬೆಟ್ಟ ಕಂಡಾಗ ಲಾರಿ ನಿಲ್ಲಿಸಿ ಐದು ನಿಮಿಷ ಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ನಾಟ್ರಾಂಪಾಳ್ಯದವನು ಆಗಲೇ ಬಂದು ಅತಿಥಿಗೃಹದ ಮೆಟ್ಟಿಲ ಮೇಲೆ ಕೂತಿದ್ದ. ಮಾತುಕತೆ ಕುದುರಿತು ಎಂದು ಹಿರಿಯಳಿಗೆ ಹೇಳಿ ಎಲೆಅಡಿಕೆ ಕೊಟ್ಟ. ನನಗೂ ಕೊಟ್ಟ. ಹನ್ನೊಂದು ಗಂಟೆಗೆ ಮ್ಯಾನೇಜರು ಬಂದರು. ಹನ್ನೆರಡಕ್ಕೆ ಅವರಿಗೆ ಬೇರೆ ಕಡೆ ಹೋಗಬೇಕಿತ್ತು.

ಮೊದಲನೆಯ ಎಳೆತಕ್ಕೇ ಎಂಜಿನ್ನು ಹತ್ತಿತು. ಅವನು ಕಣ್ಣು ಮುಚ್ಚಿದ. ಮೂರು ನಾಲ್ಕು ಉಸಿರಿನಷ್ಟು ಹೊತ್ತು ಕೇಳಿದ. ಕಣ್ಣು ತೆರೆದು ನನ್ನ ಕಡೆ ನೋಡಿದ.

"ಅಣ್ಣ, ಎಳೆ ತೆಗ್ದೆ ತಾನೇ?"

"ತೆಗ್ದಿದ್ದೀನಿ ಕಣ್ಲಾ."

ಇದು ನಾನು ಹೇಳಿದ ಮಾತು. ಮ್ಯಾನೇಜರಿಗೆ ಕನ್ನಡ ಬರುತ್ತಿರಲಿಲ್ಲ, ಮೇಲ್ವಿಚಾರಕರು ದೂರದಲ್ಲಿ ನಿಂತಿದ್ದರು. ಕೇಳಿಸಿಕೊಂಡವನು ಅವನೊಬ್ಬನೇ.

ಅವನು ಮತ್ತೆ ಎಂಜಿನ್ನಿನ ಕಡೆ ತಿರುಗಿದ. ಹುಬ್ಬು ಗಂಟಿಕ್ಕಿತ್ತು. ಗಾಳಿ ತಡೆಯುವ ಚೋಕಿನ ಹಿಡಿಯನ್ನು ಕಾಲುಭಾಗ ಮುಚ್ಚಿದ. ಸ್ವಲ್ಪ ಸಮಾಧಾನವಾಯಿತು. ಆರು ನಿಮಿಷದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಹುಲ್ಲಿಗೆ ಇಳಿಸಿದ. ಬೆಳಿಗ್ಗೆಯಷ್ಟೇ ನೀರು ಬಿಟ್ಟಿದ್ದರಿಂದ ಹುಲ್ಲು ಒದ್ದೆಯಾಗಿ ದಪ್ಪಗಿತ್ತು. ಮೊದಲ ಎರಡು ಸಾಲು ಚೆನ್ನಾಗಿ ಹೋಯಿತು. ಮೂರನೆಯ ಸಾಲಿನಲ್ಲಿ ಎಂಜಿನ್ನಿನೊಳಗೆ ಯಾರೋ ಚಿಕ್ಕ ಸುತ್ತಿಗೆಯಿಂದ ಬಡಿಯುವಂತೆ ಟಣ ಟಣ ಶುರುವಾಯಿತು. ಕಾದ ಎಂಜಿನ್ನಿನಲ್ಲಿ ಸೀಮೆಎಣ್ಣೆ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡರೆ ಹಾಗೆ ಬಡಿಯುತ್ತದೆ. ನಾಲ್ಕನೆಯ ಸಾಲಿನ ನಡುವೆ ನಿಂತುಹೋಯಿತು. ಪೆಟ್ರೋಲಿಗೆ ತಿರುಗಿಸಲು ಅವಕಾಶವಾಗಲೇ ಇಲ್ಲ.

ನಾನು ಬಯಸಿದ್ದು ಅಷ್ಟೇ. ಅದು ಆಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಮತ್ತೆ ಶುರುಮಾಡಲು ಪೆಟ್ರೋಲು ಬೇಕಿತ್ತು, ಪುಟ್ಟ ಟ್ಯಾಂಕು ಬರಿದಾಗಿತ್ತು. ನಿಂತ ಎಂಜಿನ್ನಿಗೆ ಪೆಟ್ರೋಲು ಹಾಕುವುದಕ್ಕೆ ಅವನದೊಂದು ಕ್ರಮವಿತ್ತು. ಎಷ್ಟೇ ಆತುರವಿರಲಿ, ಒಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಅಗಿದು ಉಗಿಯುವ ತನಕ ಡಬ್ಬ ಮುಟ್ಟುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸೈಲೆನ್ಸರು ಕೈಗೆ ತಾಳುವಷ್ಟು ಆರುತ್ತದೆ. ಪುಟ್ಟ ಪೆಟ್ರೋಲ್ ಟ್ಯಾಂಕು ಅದರ ನೇರ ಮೇಲೆಯೇ ಇರುವುದರಿಂದ ಇದು ಗುತ್ತಿಗೆದಾರ ಕಲಿಸಿದ್ದ ಪಾಠ. ಅಂದು ಅವನು ಎಲೆಯ ಸಂಚಿ ಸೊಂಟದಿಂದ ತೆಗೆದದ್ದನ್ನು ನಾನು ನೋಡಿದೆ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಮೇಲ್ವಿಚಾರಕರು, "ಸೀಕ್ರಂ ಪಾ, ಸೀಕ್ರಂ! ಬೇಗ! ಎಲೆ ಆಮೇಲೆ ಹಾಕು!" ಎಂದು ಕೂಗಿದರು. ಅವನು ನನ್ನ ಕಡೆ ನೋಡಿದ. ಏನು ಕೇಳುವಂತೆ ನೋಡಿದನೋ ಗೊತ್ತಿಲ್ಲ. ನಾನು ಮುಖ ತಿರುಗಿಸಿಕೊಂಡೆ. ಅವನು ಸಂಚಿಯನ್ನು ಮತ್ತೆ ಸಿಕ್ಕಿಸಿ ಡಬ್ಬ ಎತ್ತಿಕೊಂಡ.

ಆಮೇಲಿನದನ್ನು ಆದ ಕ್ರಮದಲ್ಲಿಯೇ ಹೇಳುತ್ತೇನೆ. ಬಲಗೈಯಲ್ಲಿ ಡಬ್ಬ, ಎಡಗೈಯಲ್ಲಿ ಆಲಿಕೆ. ಆಲಿಕೆ ತುಂಬಿ ಒಂದಿಷ್ಟು ಹೊರಗೆ ಚೆಲ್ಲಿತು. ಸೈಲೆನ್ಸರಿನಿಂದ ಬಿಳಿ ಆವಿ ಎದ್ದಿತು. ಆವಿ ಎದ್ದದ್ದು ಮೊದಲು, ಬೆಂಕಿ ಆಮೇಲೆ. ನಡುವೆ ಅವನು ಕೈ ಹಿಂದಕ್ಕೆ ತೆಗೆಯುವಷ್ಟು ಹೊತ್ತು ಇತ್ತು ಎಂದು ನನಗೆ ಅನ್ನಿಸಿತ್ತು. ಆದರೆ ಅವನು ಡಬ್ಬವನ್ನು ಬಿಸಾಡಲಿಲ್ಲ, ಹೆಂಗಸರು ಆ ಕಡೆ ಇದ್ದರು. ಡಬ್ಬವನ್ನು ನೆಲಕ್ಕೆ ಇಟ್ಟ. ಇಡುವಷ್ಟರಲ್ಲಿ ಬಲತೋಳಿನ ಅಂಗಿ ಹತ್ತಿಕೊಂಡಿತ್ತು.

ಕೂಗಿದ್ದು ಮೇಲ್ವಿಚಾರಕರು. ಅವನು ಕೂಗಲಿಲ್ಲ. ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಮುಂದೆ ಹೋಗಲಿಲ್ಲ. ಹಿರಿಯಳು ಆಗಷ್ಟೇ ಬಾಚಿ ತುಂಬಿದ್ದ ಒದ್ದೆ ಹುಲ್ಲಿನ ಮಂಕರಿಯನ್ನು ಅವನ ತೋಳಿನ ಮೇಲೆ ಬೋರಲು ಹಾಕಿ, ಅವನನ್ನು ನೆಲಕ್ಕೆ ಕೆಡವಿ, ಹುಲ್ಲಿನ ಮೇಲೆ ಎರಡೂ ಕೈ ಊರಿ ಒತ್ತಿ ಕೂತಳು. "ಅಲ್ಲಾಡ್ಬ್ಯಾಡ ಮಗಾ, ಅಲ್ಲಾಡ್ಬ್ಯಾಡ" ಎನ್ನುತ್ತಲೇ ಇದ್ದಳು. ಬೆಂಕಿ ಆರಿತು. ಯಂತ್ರದ ಮೇಲಿನ ಬೆಂಕಿಗೆ ಯಾರೋ ಮಣ್ಣು ಎರಚಿದರು. ಅದು ನಾನಲ್ಲ.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಅವನನ್ನು ಸೇರಿಸಿದರು. ಬಲಗೈ ಬೆರಳುಗಳಿಂದ ಮೊಣಕೈ ತನಕ ಸುಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ, ಬೆರಳುಗಳು ಮೊದಲಿನಂತೆ ಮಡಚುವುದು ಅನುಮಾನ ಎಂದರು.

ಮೂರನೆಯ ದಿನ ಸಿಬ್ಬಂದಿಯ ವಿಚಾರ ನೋಡುವ ಪರ್ಸನಲ್ ಆಫೀಸರು ನನ್ನನ್ನು ಕರೆದರು. ಹತ್ತಿರದಿಂದ ನೋಡಿದ ಫಿಟ್ಟರು ನೀನೊಬ್ಬನೇ, ಬರೆದುಕೊಡು ಎಂದರು. ಒಂದೂವರೆ ಹಾಳೆ ಬರೆದುಕೊಟ್ಟೆ. ಯಂತ್ರ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಸಾಲು ಹೋಯಿತು, ಹೇಗೆ ನಿಂತಿತು, ಆರಲು ಕಾಯದೆ ಪೆಟ್ರೋಲು ಹಾಕಲಾಯಿತು, ಆಲಿಕೆಯಿಂದ ಚೆಲ್ಲಿತು. ಅದರಲ್ಲಿ ಒಂದೇ ಒಂದು ಸುಳ್ಳು ವಾಕ್ಯವಿರಲಿಲ್ಲ. ಆಫೀಸರು ಓದಿ, "ಇಷ್ಟು ಸ್ಪಷ್ಟವಾಗಿ ಯಾರೂ ಬರೆದುಕೊಡುವುದಿಲ್ಲ" ಎಂದರು. ಕೆಲಸಗಾರನ ಅಜಾಗ್ರತೆ ಎಂದು ವರದಿ ಮುಗಿಯುತ್ತದೆ, ದಿನಗೂಲಿಯವನಾದ್ದರಿಂದ ಬಿಡಿಸಿ ಕಳಿಸುತ್ತಾರೆ, ಫಿಟ್ಟರ್ ಹುದ್ದೆಗೆ ಇನ್ನು ಬೇರೆ ಹೆಸರಿಲ್ಲ ಎಂದು ಮೇಲ್ವಿಚಾರಕರು ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು.

ಅಂದು ಶೆಡ್ಡಿಗೆ ಹೋದೆ. ಸುಟ್ಟ ಯಂತ್ರ ಒಂದು ಮೂಲೆಯಲ್ಲಿತ್ತು. ಬಟ್ಟಲು ಬಿಚ್ಚಿ, ಜೆಟ್ಟು ತೆಗೆದೆ. ಎಳೆ ಇದ್ದಲ್ಲಿಯೇ ಇತ್ತು, ಕೆಂಪು ಹೋಗಿ ಕಂದಾಗಿತ್ತು. ಉಗುರಿನಿಂದ ನೆಟ್ಟಗೆ ಮಾಡಿ ಎಳೆದೆ. ಸಲೀಸಾಗಿ ಬಂತು. ಬಿಸಾಡಿದರೆ ಹುಲ್ಲಿನಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಕಾಗದದ ಚೂರಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಭಾನುವಾರ ಅವನನ್ನು ನೋಡಲು ಹೋದೆ. ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರೆಂದು ಹೋದದ್ದು. ಕೈಗೆ ಬಿಳಿಯ ಬಟ್ಟೆ ಸುತ್ತಿ ದಿಂಬಿನ ಮೇಲಿಟ್ಟಿದ್ದರು. ಅವನ ಅಕ್ಕ ನನಗೆ ಕೂರಲು ಜಾಗ ಬಿಟ್ಟು, ನೀರು ತರಲು ಹೊರಗೆ ಹೋದಳು.

"ಅಣ್ಣ, ಮಿಷನ್ನು ಬಿಚ್ಚಿ ನೋಡ್ದ್ಯಾ?"

ಅಕ್ಕ ಬಿಟ್ಟ ಜಾಗದಲ್ಲಿ ಕೂತೆ.

"ಅದೇನಾಗಿತ್ತು ಅಂತ ಮಲ್ಗಿ ಮಲ್ಗಿ ಯೋಚ್ನೆ ಮಾಡ್ತಾ ಇವ್ನಿ. ಎಳೆ ಐತೆ ಅಂತ ನನ್ ಕಿವಿ ಹೇಳ್ತು. ನೀನು ತೆಗ್ದಿದ್ದೀನಿ ಅಂದೆ. ಎಳೆ ಇಲ್ದೆ ಅಂಗೆ ಸದ್ದು ಬತ್ತದಾ? ಕಸ ಸಿಕ್ಕಂಡಿತ್ತಾ ಜೆಟ್ನಲ್ಲಿ?"

"ನೋಡ್ತೀನಿ ಕಣ್ಲಾ."

"ನೋಡಣ್ಣ. ಕೈ ಹೋದ್ರೆ ಹೋಯ್ತು, ಎಡಗೈ ಐತೆ. ಕಿವಿನೂ ತಪ್ಪು ಹೇಳೋಕೆ ಸುರುವಾದ್ರೆ ನಾನ್ ಯಾವ್ ಕೆಲ್ಸ ಮಾಡ್ಲಿ? ಈಗ ಹೊರ್ಗೆ ಬಸ್ಸು ಹೋದ್ರೂ ನಂಬ್ಕೆ ಬರಾಕಿಲ್ಲ. ನಾನ್ ಕೇಳಿದ್ದು ಸರಿನಾ ಅಂತ ಅನ್ಸ್ತದೆ."

ಕೆಲಸ ಹೋಗುತ್ತಿರುವುದು ಅವನಿಗಿನ್ನೂ ತಿಳಿದಿರಲಿಲ್ಲ. ಅವನ ಚಿಂತೆ ಅದೊಂದೇ. ಕಾಗದದ ಚೂರು ನನ್ನ ಜೇಬಿನಲ್ಲೇ ಇತ್ತು. ಅಕ್ಕ ನೀರು ತಂದಳು. ಕುಡಿದು ಎದ್ದು ಬಂದೆ.

ಹೊಸೂರಿನ ಬಸ್ಸಿನಲ್ಲಿ ಕೂತು, ಅವನ ಕಿವಿಯ ಬಗ್ಗೆ ನಾನು ಎಷ್ಟು ತಿಂಗಳಿಂದ ಉರಿದುಕೊಂಡಿದ್ದೆನೆಂದು ಎಣಿಸಿದೆ. ಅವನ ಕೈ ಸುಡಲೆಂದು ನಾನು ಬಯಸಿರಲಿಲ್ಲ, ಅದು ನಿಜ. ಆದರೆ ಈ ಕಿವಿ ತಪ್ಪಲಿ ಎಂದು ದಿನಾ ಸಂಜೆ ಪ್ಲಗ್ಗು ಬಿಚ್ಚುವಾಗ ಬಯಸಿದ್ದೆ. ಈಗ ಅದು ತಪ್ಪಿದೆ ಎಂದು ಅವನೇ ನಂಬಿದ್ದ. ನಾನು ಸುಮ್ಮನಿದ್ದರೆ ಸಾಕು, ಅವನು ಜೀವನವಿಡೀ ಹಾಗೆಯೇ ನಂಬುತ್ತಾನೆ. ನನ್ನ ಮಾತಿನ ಮೇಲೆ ಅವನಿಗಿದ್ದ ನಂಬಿಕೆ ಅಷ್ಟು ಗಟ್ಟಿ.

ಸೋಮವಾರ ಬೆಳಿಗ್ಗೆ ಪರ್ಸನಲ್ ಆಫೀಸರ ಮೇಜಿನ ಮೇಲೆ ಇನ್ನೊಂದು ಹಾಳೆ ಇಟ್ಟೆ. ಕಾಗದದ ಚೂರನ್ನು ಬಿಚ್ಚಿ ಎಳೆಯನ್ನು ಅದರ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ಮೊದಲಿನದು ಸುಳ್ಳಾ?"

"ಇಲ್ಲ ಸಾರ್. ಅದರಲ್ಲಿ ಇದೊಂದು ಇರಲಿಲ್ಲ."

"ಮರೆತಿದ್ದೆ ಅಂತ ಬರಿ. ಎಳೆ ತೆಗೆಯುವುದು ಮರೆತೆ ಅಂತ. ಮರೆವಿಗೆ ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತದೆ."

ಅವರು ಒಳ್ಳೆಯದಕ್ಕೇ ಹೇಳಿದ್ದು. ಹಾಳೆಯನ್ನು ನನ್ನ ಕಡೆ ಸರಿಸಿದರು, ಪೆನ್ನೂ ಕೊಟ್ಟರು. ಮರೆತೆ ಎಂದು ಬರೆದರೆ ಅವನ ಕೆಲಸವೂ ಉಳಿಯಬಹುದು, ನನ್ನದೂ ಉಳಿಯಬಹುದು. ಆದರೆ ಅವನು ಕೇಳಿದ್ದ, ನಾನು ತೆಗೆದಿದ್ದೇನೆ ಎಂದಿದ್ದೆ. ಮರೆತವನು ಒಂದು ಸಲ ಬಗ್ಗಿ ನೋಡುತ್ತಾನೆ. ಎಳೆ ಇದೆಯೆಂದು ಗೊತ್ತಿದ್ದ ನನಗೆ ಬಗ್ಗಿ ನೋಡುವ ಅಗತ್ಯವೇ ಇರಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, ಹಾಳೆಯನ್ನು ಇದ್ದ ಹಾಗೆಯೇ ವಾಪಸು ಸರಿಸಿದೆ.

ಅವರು ಅದನ್ನು ಫೈಲಿಗೆ ಹಾಕಿದರು. ನಾಳೆಯಿಂದ ಬರಬೇಡ, ಪತ್ರ ಮನೆಗೆ ಬರುತ್ತದೆ ಎಂದರು. ವರದಿಯಲ್ಲಿ ಅವನ ಮೇಲೆ ತಪ್ಪು ಬರುವುದಿಲ್ಲ, ಕೈ ವಾಸಿಯಾದ ಮೇಲೆ ಅವನನ್ನು ತೆಗೆದುಕೊಳ್ಳುವಂತೆ ಬರೆಯುತ್ತೇನೆ ಎಂದೂ ಹೇಳಿದರು. ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದವರು ನಾನು ದಾಟುವಾಗ ಪಕ್ಕಕ್ಕೆ ಸರಿದು ನೆಲ ನೋಡಿದರು. ಆತುರಪಡಿಸಿದ್ದು ತಾವು ಎಂಬುದು ಅವರಿಗೂ ನೆನಪಿದ್ದಿರಬೇಕು.

ಅಲ್ಲಿಂದ ನೇರವಾಗಿ ಕೃಷ್ಣಗಿರಿ ಬಸ್ಸು ಹತ್ತಿದೆ. ಅವನು ಎದ್ದು ಕೂತು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಕಲಿಯುತ್ತಿದ್ದ. ನಾನು ಕೂರಲಿಲ್ಲ.

"ಜೆಟ್ನಲ್ಲಿ ಕಸ ಇರ್ಲಿಲ್ಲ. ಎಳೆ ಇತ್ತು. ನಾನು ತೆಗೀಲಿಲ್ಲ. ಬೇಕು ಅಂತ್ಲೇ ತೆಗೀಲಿಲ್ಲ. ನಿನಗೆ ಸುಳ್ಳು ಹೇಳ್ದೆ."

ಅವನ ಅಕ್ಕ ತಟ್ಟೆ ಹಿಡಿದುಕೊಂಡವಳು ಹಾಗೆಯೇ ನಿಂತಳು. ಅವನು ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿದ. ಎಂಜಿನ್ನಿನ ಮುಂದೆ ನಿಂತು ಮುಚ್ಚುತ್ತಿದ್ದ ಹಾಗೆಯೇ. ಅಂದಿನ ಸದ್ದನ್ನು ಅವನು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ನಿಧಾನವಾಗಿ ಅವನ ಹುಬ್ಬು ಸಡಿಲವಾಯಿತು.

"ಅಂಗಾರೆ ನಾನ್ ಕೇಳಿದ್ದು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

ಮುಖ ಪೂರ್ತಿ ಹಗುರವಾಯಿತು. ಒಂದು ಗಳಿಗೆ ಸುಟ್ಟ ಕೈಯ ನೆನಪೇ ಅವನಿಗಿರಲಿಲ್ಲವೆಂದು ಕಾಣುತ್ತದೆ. ಕೆಲಸ ಕಳೆದುಕೊಂಡು, ತಪ್ಪು ಒಪ್ಪಿಕೊಂಡು ಅವನ ಹಾಸಿಗೆಯ ಪಕ್ಕ ನಿಂತಿದ್ದೆ. ಆಗಲೂ, ಆ ಮುಖವನ್ನು ನೋಡಿ ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು. ಇದನ್ನು ಬರೆಯದೆ ಬಿಟ್ಟರೆ ಮೊದಲಿನ ಹಾಳೆಯಂತೆಯೇ ಇದೂ ಆಗುತ್ತದೆ.

ಆಮೇಲೆ ಅವನಿಗೆ ಉಳಿದದ್ದೆಲ್ಲ ಅರ್ಥವಾಯಿತು. ಕೈಯ ಕಡೆ ನೋಡಿಕೊಂಡ. ನನ್ನ ಕಡೆ ನೋಡಿದ.

"ಯಾಕಣ್ಣ?" ಎಂದ.

ನಾನು ಹೇಳಲು ಹೊರಟೆ. ಅವನು ಎಡಗೈ ಎತ್ತಿ ತಡೆದ.

"ಇವತ್ತು ಬ್ಯಾಡ. ಹೋಗಣ್ಣ, ಹೋಗು."

ಬಸ್ ಸ್ಟ್ಯಾಂಡಿಗೆ ಬಂದೆ. ಹೊಸೂರಿಗೆ ಹೋಗುವ ಬಸ್ಸು ನಿಂತಿತ್ತು, ಡ್ರೈವರು ಎಂಜಿನ್ನು ಶುರುಮಾಡಿಕೊಂಡು ಜನಕ್ಕಾಗಿ ಕಾಯುತ್ತಿದ್ದ. ಅದರ ಮುಂದೆ ನಿಂತು ಕಣ್ಣು ಮುಚ್ಚಿ ಕೇಳಿದೆ. ಸರಿಯಾಗಿ ಓಡುತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ.